ಅಶೋಕ ಚಕ್ರವರ್ತಿಗೆ ನಾನು ಮಾಡಿಕೊಟ್ಟ ಸಿಂಹಗಳು

ಮಣ್ಣಿನಲ್ಲಿ ಸಿಂಹ ಮಾಡುವುದೇನು ಮಹಾ ಕೆಲಸ? ನಾಲ್ಕು ಕಾಲು, ಎರಡು ಕಣ್ಣು, ಒಂದು ಬಾಲ. ಎತ್ತಿಗೂ ಅಷ್ಟೇ ಇರುತ್ತವೆ. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮ ಓಣಿಯ ಎಲ್ಲ ಮನೆಗಳಿಗೂ ಎತ್ತು ಮಾಡಿಕೊಡುವವಳು ನಾನು. ಸೊಸೆಯಾಗಿ ಬಂದ ವರ್ಷ ಹಿಡಿದ ಮಣ್ಣನ್ನು ಇಂದಿಗೂ ಬಿಟ್ಟಿಲ್ಲ. ಇಂಥ ಅನುಭವಸ್ಥೆ ಯಾವನೋ ಚಕ್ರವರ್ತಿಯ ನಾಲ್ಕು ಸಿಂಹಗಳಿಗೆ ಹೆದರುವುದುಂಟೇ!

ಹೆದರಬೇಕಿತ್ತು.

ನವಿಲುತೀರ್ಥದ ಕಾಲುವೆ ಹಾದುಹೋಗುವ ನಮ್ಮೂರಿನಲ್ಲಿ ನನ್ನ ಯಜಮಾನರದು ಹಿಟ್ಟಿನ ಗಿರಣಿ. ಹೋದ ಚೈತ್ರದಲ್ಲಿ ಒಂದು ಬೆಳಿಗ್ಗೆ ರೇಣುಕಾ ಅಕ್ಕೋರು ಜೋಳ ಬೀಸಿಸಲು ಬಂದರು. ಊರಿನ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವರು ಅವರೇ. ಯಾವಾಗಲೂ ನಗುವ ಮುಖ ಅಂದು ಸಪ್ಪಗಿತ್ತು.

"ಯಾಕ್ರಿ ಅಕ್ಕೋರ, ಮೈಯಾಗ ಆರಾಮಿಲ್ಲೇನ್ರಿ?"

"ಮೈಗೇನಾಗೇತ್ರಿ ಶಾಂತಕ್ಕಾ! ಬರೋ ವಾರ ಅಶೋಕ ಜಯಂತಿ ಐತಿ. ಹ್ವಾದ ವರ್ಷ ಬಂದಾವ್ರು ನಾಕ ಮಂದಿ. ಅದರಾಗ ಒಬ್ಬಾಂವ ಮೊಬೈಲ್ ಚಾರ್ಜಿಗೆ ಹಚ್ಚಾಕ ಬಂದಿದ್ದಾ. ಈ ಸಲನೂ ಮಂದಿ ಬರಲಿಲ್ಲಂದ್ರ ಮುಂದಿನ ವರ್ಷದಿಂದ ಮಾಡೂದ ಬ್ಯಾಡ ಅಂದಾರ್ರಿ ಪಂಚಾಯ್ತಿ ಮೆಂಬರ್ರು."

"ಹೋಗ್ಲಿ ಬಿಡ್ರಿ, ಒಂದ ಜಯಂತಿ ಕಡಿಮಿ ಆದ್ರ ಏನಾಗತೈತಿ?" ಎಂದರು ನನ್ನ ಯಜಮಾನರು.

ಅಕ್ಕೋರ ಕಣ್ಣು ಒದ್ದೆಯಾಯಿತು. "ಯುದ್ಧ ಸೋತು ಅಳೋ ರಾಜಾರು ರಗಡ ಮಂದಿ ಅದಾರ್ರಿ ಕಾಕಾ. ಗೆದ್ದ ಮ್ಯಾಲೆ ಅತ್ತು, ತಪ್ಪಾತು ಅಂದಾಂವ ಇಂವಾ. ಅವನ ಹೆಸರಿಲೆ ಇಷ್ಟ ದೊಡ್ಡ ಊರಾಗ ಇಪ್ಪತ್ತ ಮಂದಿ ಒಂದ ತಾಸು ಕುಂದ್ರಲಿಲ್ಲಂದ್ರ ಹೊಟ್ಟ್ಯಾಗ ಸಂಕಟ ಆಗತೈತ್ರಿ."

ನನ್ನ ಕರುಳು ಚುರ್ ಎಂದಿತು. ಕರುಳು ಚುರ್ ಎಂದಾಗಲೆಲ್ಲ ನನ್ನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಅದೊಂದು ರೋಗ.

"ಚಿಂತಿ ಮಾಡಬ್ಯಾಡ್ರಿ ಅಕ್ಕೋರ! ನಾಕ ಸಿಂಹದ ಕಂಬ ನಾ ಮಾಡಿಕೊಡತೇನಿ. ಅದನ್ನ ನೋಡಾಕರ ಮಂದಿ ಬರತಾರ."

ಅಕ್ಕೋರು ಹಿಗ್ಗಿ ಹೋದರು. ಹಿಟ್ಟಿನ ಧೂಳಿನಲ್ಲಿ ಬೆಳ್ಳಗಾಗಿದ್ದ ಯಜಮಾನರು ಮಾತ್ರ ಗಿರಣಿ ನಿಲ್ಲಿಸಿ ನನ್ನನ್ನೇ ನೋಡಿದರು.

"ನೀ ಸಿಂಹಾ ಎಲ್ಲಿ ನೋಡಿದಿ?"

"ನೋಟಿನ ಮ್ಯಾಲೆ ದಿನಾ ನೋಡತೇನಿ!"

ಅಂದೇ ಕಾಲುವೆ ದಂಡೆಯಿಂದ ಎರೆಮಣ್ಣು ತರಿಸಿ, ನೆನೆಹಾಕಿ, ಕಲ್ಲು ಕಸ ಆರಿಸಿ ಹದಮಾಡಿದೆ. ಅಕ್ಕೋರು ಕೊಟ್ಟ ಚಿತ್ರವನ್ನು ಗೋಡೆಗೆ ಅಂಟಿಸಿ ಶಾಸ್ತ್ರೋಕ್ತವಾಗಿ ಕೆಲಸ ಆರಂಭಿಸಿದೆ. ಮೊದಲ ವಿಘ್ನ ಅಲ್ಲಿಯೇ ಎದುರಾಯಿತು. ಚಿತ್ರದಲ್ಲಿ ಮೂರೇ ಸಿಂಹ!

"ನಾಕನೇದು ಹಿಂದ ಐತಿ," ಎಂದರು ಯಜಮಾನರು.

"ಹಿಂದ ಏನ ಮಾಡಾಕ ಹತ್ತೇತಿ?"

"ನಿನ್ನ ಕೈಗೆ ಸಿಗಬಾರದಂತ ಅಡಗಿ ಕುಂತೈತಿ."

ನಾನು ಮಣ್ಣಿಗೆ ಕೈ ಹಾಕಿದೆ. ಆದರೆ ಈ ಕೈ ನನ್ನ ಮಾತು ಕೇಳಬೇಕಲ್ಲ! ಮೊದಲ ಸಿಂಹದ ಬೆನ್ನು ತಿದ್ದುತ್ತಿದ್ದಂತೆಯೇ ಹೆಗಲ ಮೇಲೊಂದು ಡುಬ್ಬ ಎದ್ದಿತು. ಒತ್ತಿದೆ. ಡುಬ್ಬ ಹೊಟ್ಟೆಗೆ ಇಳಿಯಿತು. ಹೊಟ್ಟೆ ಒತ್ತಿದೆ. ಡುಬ್ಬ ಮತ್ತೆ ಮೇಲೇರಿತು. ಕಿವಿಗಳು ತಾವಾಗಿಯೇ ಅಡ್ಡಕ್ಕೆ ಚಾಚಿಕೊಂಡವು, ಮೂತಿ ಉದ್ದವಾಯಿತು. ಬಾಯಿ ತೆರೆದು ಗರ್ಜಿಸಬೇಕಾದ ಪ್ರಾಣಿ ಮೆಲುಕು ಹಾಕುತ್ತ ನನ್ನನ್ನೇ ನೋಡಿತು. ನಾಲ್ಕು ಮಧ್ಯಾಹ್ನ ಗುದ್ದಾಡಿದರೂ ನಾಲ್ಕೂ ಅದೇ ಜಾತಿ!

ಆದರೂ ನಾನು ಎದೆಗುಂದಲಿಲ್ಲ. ಸಿಂಹದ ಗುಟ್ಟೆಲ್ಲ ಜೂಲಿನಲ್ಲಿದೆ ಎಂಬುದು ನನ್ನ ಸಂಶೋಧನೆ. ಹೊಲದಿಂದ ಗೋವಿನಜೋಳದ ತೆನೆಗಳ ಕೆಂಚು ಕೂದಲು ತರಿಸಿ ನಾಲ್ಕಕ್ಕೂ ಕುತ್ತಿಗೆ ತುಂಬ ಹಚ್ಚಿ, ಮಣ್ಣಿನ ಕಂಬದ ಮೇಲೆ ಕೂರಿಸಿದೆ. ದೂರ ನಿಂತು, ಕಣ್ಣು ಸಣ್ಣದು ಮಾಡಿ ನೋಡಿದರೆ ಸಿಂಹವೇ! ಕಣ್ಣು ಪೂರ್ತಿ ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದರು ಯಜಮಾನರು.

ಜಯಂತಿಯ ಬೆಳಿಗ್ಗೆ ಕಂಬವನ್ನು ಅಂಗಳದಲ್ಲಿ ಬಿಸಿಲಿಗಿಟ್ಟು ಸೀರೆ ಉಡಲು ಒಳಗೆ ಹೋದೆ. ನೆರಿಗೆ ಹಿಡಿಯುವಷ್ಟರಲ್ಲಿ ಪಕ್ಕದ ಮನೆಯ ಮೆಹಬೂಬಿಯ ಕೂಗು ಕೇಳಿತು.

"ಯಾ ಅಲ್ಲಾ! ಶಾಂತಕ್ಕಾ, ಲಗೂನ ಬಾ! ನನ್ನ ಆಡು ನಿನ್ನ ಹುಲಿ ತಿನ್ನಾಕ ಹತ್ತೇತಿ!"

"ಹುಲಿ ಅಲ್ಲವ್ವಾ, ಸಿಂಹಾ!"

"ಯಾವದರ ಆಗ್ಲಿ, ತಿಂದ ಮುಗಸೇತಿ!"

ಓಡಿ ಬಂದು ನೋಡಿದೆ. ನಾಲ್ಕು ಸಿಂಹಗಳ ಜೂಲನ್ನೂ ಆಡು ಒಂದೆಳೆ ಉಳಿಸದೆ ತಿಂದು, ಗಡ್ಡ ಅಲ್ಲಾಡಿಸುತ್ತ ನಿಂತಿತ್ತು. ಮೆಹಬೂಬಿ ಅಳುವ ಮುಖ ಮಾಡಿದಳು. ಯಜಮಾನರು ಮಾತ್ರ ಗಂಭೀರವಾಗಿ, "ಅಹಿಂಸಾ ಧರ್ಮ ಅಂದ್ರ ಇದ ನೋಡ. ಆಡು ಬಂದು ಮೈ ಮೇದ್ರೂ ಸಿಂಹಾ ಒಂದ ಮಾತ ಆಡಲಿಲ್ಲ," ಎಂದರು.

ಬೇರೆ ಜೂಲು ಹಚ್ಚಲು ಹೊತ್ತಿರಲಿಲ್ಲ. ಕಂಬದ ಮೇಲೊಂದು ಹಸಿರು ಖಣ ಮುಚ್ಚಿ ಕೈಗಾಡಿಯಲ್ಲಿ ಗ್ರಂಥಾಲಯಕ್ಕೆ ಸಾಗಿಸಿದೆವು. ಬಾಗಿಲ ಮುಂದೆ ಇಪ್ಪತ್ತು ಕುರ್ಚಿ. ಕುಂತವರು ಮೂವರು: ಪಂಚಾಯ್ತಿ ಮೆಂಬರ್ರು, ಅವರ ಜೊತೆಗೆ ಬಂದ ಒಬ್ಬರು, ಮತ್ತು ನೆರಳು ಹುಡುಕಿಕೊಂಡು ಬಂದ ಬಸಪ್ಪಜ್ಜ. ಮೆಂಬರ್ರು ಆಗಲೇ ಗಡಿಯಾರ ನೋಡುತ್ತಿದ್ದರು. ಅಕ್ಕೋರು ಬಿಳಿ ಸೀರೆಯಲ್ಲಿ, ಕೈಯಲ್ಲಿ ಭಾಷಣದ ಹಾಳೆ ಹಿಡಿದು, ನನ್ನ ಕಂಬವೊಂದನ್ನೇ ನಂಬಿ ನಿಂತಿದ್ದರು. ಖಣ ಸರಿಸಿದರು.

ಕುಂತ ಮೂವರೂ ಕುತ್ತಿಗೆ ಚಾಚಿ ನೋಡಿದರು.

ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ಎತ್ತುಗಳು ನಾಲ್ಕು ದಿಕ್ಕಿಗೆ ಮುಖ ಮಾಡಿ ಶಾಂತವಾಗಿ ಕುಳಿತಿದ್ದವು. ಬಸಪ್ಪಜ್ಜ ಎದ್ದು, ತಲೆಯ ಪಟಕ ತೆಗೆದು, ಎರಡೂ ಕೈ ಮುಗಿದ. "ಅಪ್ಪಾ ಬಸವಣ್ಣಾ! ಈ ವರ್ಷ ಅಮಾಸಿಗಿಂತ ಮದಲ ಬಂದೀಯಪಾ!"

ಅಷ್ಟೇ ಸಾಕಾಯಿತು! ನೀರಿಗೆ ಹೊರಟಿದ್ದ ಹೆಂಗಸರು ತಿರುಗಿ ಬಂದರು. ಒಬ್ಬಳು ಅರಿಷಿಣ ಕುಂಕುಮ ತಂದಳು, ಇನ್ನೊಬ್ಬಳು ಕೊಡದ ನೀರನ್ನು ಪಾದಕ್ಕೆ ಹಾಕಲು ಹೊರಟಳು. "ನೀರ ಹಾಕಬ್ಯಾಡ್ರಿ, ಕರಗತಾವ!" ಎಂದು ಚೀರಿದೆ. ಚೀರಿದ್ದು ಕೇಳಿ ಇನ್ನೊಂದು ಓಣಿ ಬಂತು. ಬಸ್ಸಿಗೆ ಕಾಯುತ್ತಿದ್ದವರು ಯರಗಟ್ಟಿಯ ಬಸ್ಸು ಬಿಟ್ಟು ಬಂದರು. ಕುರ್ಚಿ ಸಾಲದೆ ಜನ ನೆಲಕ್ಕೆ ಕುಂತರು.

ನಾನು ಪುಸ್ತಕದ ಕಪಾಟಿನ ಹಿಂದೆ ಅಡಗಿದ್ದೆ. ಅಕ್ಕೋರು ಹುಡುಕಿಕೊಂಡು ಬಂದರು.

"ತಪ್ಪಾತ್ರಿ ಅಕ್ಕೋರ," ಎಂದೆ.

"ಹೊರಗ ಬಂದ ಮಂದೀನ ನೋಡ್ರಿ ಶಾಂತಕ್ಕಾ!" ಎನ್ನುತ್ತ ಅವರು ನನ್ನ ಕೈ ಗಟ್ಟಿಯಾಗಿ ಹಿಡಿದರು. ಮುಖ ನಗುತ್ತಿತ್ತು.

ಅವರು ಭಾಷಣದ ಹಾಳೆಯನ್ನು ಮಡಚಿಟ್ಟು ಕಥೆ ಹೇಳುವಂತೆ ಹೇಳಿದರು. ಗೆದ್ದು ಅತ್ತ ರಾಜ, ದಾರಿಯುದ್ದಕ್ಕೂ ಗಿಡ ನೆಡಿಸಿ ಬಾವಿ ತೋಡಿಸಿದ ರಾಜ, ಮನುಷ್ಯರಿಗಷ್ಟೇ ಅಲ್ಲ ದನಕರುಗಳಿಗೂ ಔಷಧೋಪಚಾರ ಮಾಡಿಸಿದ ರಾಜ. ಬಸಪ್ಪಜ್ಜ ತಡೆಯಲಾರದೆ ಕೇಳಿದ: "ದನಕ್ಕೂ ದವಾಖಾನಿ? ಅಷ್ಟ ಹಿಂದಿನ ಕಾಲದಾಗ? ಮತ್ತ ಇಂಥಾ ರಾಜಾನ ಸುದ್ದಿ ನಮಗ ಯಾಕ ಯಾರೂ ಹೇಳಲಿಲ್ಲ?" ಎಲ್ಲರೂ ಮೆಂಬರ್ರ ಕಡೆ ತಿರುಗಿದರು. ಅವರು ಎದ್ದು ನಿಂತು, ಮುಂದಿನ ವರ್ಷ ಪೆಂಡಾಲ್ ಹಾಕಿಸಿ ಜಯಂತಿ ಮಾಡೋಣ ಎಂದು ಘೋಷಿಸಿದರು. ನನಗೆ ಅಳು ಬಂತು. ಅಕ್ಕೋರಿಗೂ ಬಂತು.

ಕೊನೆಗೆ ಅಕ್ಕೋರು ಒಂದು ಪುಸ್ತಕ ತೆರೆದು, ಅಶೋಕನ ಕಂಬವೊಂದರ ಮೇಲೆ ಎತ್ತೂ ಇದೆ ಎಂದು ಚಿತ್ರ ತೋರಿಸಿದರು. ತಕ್ಷಣ ನಾನು ಕಪಾಟಿನ ಹಿಂದಿನಿಂದ ಹೊರಬಂದೆ. "ನಾ ಅದನ್ನ ನೋಡೇ ಮಾಡಿದ್ದು!"

ಯಜಮಾನರು ಚಿತ್ರ ನೋಡಿ, "ಇದರಾಗ ಎತ್ತು ಒಂದ ಐತಿ," ಎಂದರು.

ಮುಂದಿನ ಜಯಂತಿಗೆ ನಿಜವಾದ ಸಿಂಹವನ್ನೇ ಕೊಡಬೇಕೆಂದು ಹಟ ತೊಟ್ಟು ಅಂದಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಸಿಂಹಗಳು ಸಿದ್ಧವಾಗಿವೆ. ಮೊನ್ನೆ ಮೆಹಬೂಬಿ ಬಂದು ಅವನ್ನೆಲ್ಲ ಬಹಳ ಹೊತ್ತು ಪ್ರೀತಿಯಿಂದ ನೋಡಿದಳು.

"ಭಾಳ ಚಂದ ಆಗ್ಯಾವ ಶಾಂತಕ್ಕಾ," ಎಂದಳು. "ಇನ್ನೊಂದ ಮಾಡಿಬಿಡು, ಆರ ಜೋಡಿ ಆಗತಾವ."