ಉಸಿರಾಡಿದ್ದು ಅವರು, ಬಟ್ಟಲು ಬಂದದ್ದು ನನಗೆ

ಗಂಡ ಬದುಕಿರೋದು ಹೆಂಡತಿಯ ದೊಡ್ಡ ಸಾಧನೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಇಳಿಯೋದರೊಳಗೆ ಆ ಸಾಧನೆಗೆ ಏನಾದರೊಂದು ಬಹುಮಾನ ಕೈಗೆ ಬಂದು ಬೀಳುತ್ತಲೇ ಇರುತ್ತದೆ. ಒಂದು ದಿನ ಹೂವು, ಒಂದು ದಿನ ತೆಂಗಿನಕಾಯಿ, ಇನ್ನೊಂದು ದಿನ ಬರೇ ಮರ್ಯಾದೆ. ಪಕ್ಕದ ಮನೆಯಾಕೆಗೆ ಮಾತ್ರ ಏನೂ ಇಲ್ಲ. ಯಾಕೆಂದರೆ ಅವಳ ಗಂಡ ಮಗಳು ಮೂರು ವರ್ಷದವಳಿದ್ದಾಗಲೇ ತೀರಿಕೊಂಡ.

ಆಕೆ ಉಡುಪಿ ಕಡೆಯವಳು. ಊಟದ ಡಬ್ಬಿ ಕಟ್ಟಿ ಕಟ್ಟಿಯೇ ಮಗಳನ್ನು ಓದಿಸಿದಳು, ಕೋಪರಿಯಲ್ಲಿರೋ ನಮ್ಮ ಗದಗ ಕಡೆಯವರ ಮನೆಗೆ ಕೊಟ್ಟು ಮದುವೆ ಮಾಡಿದಳು. ಸಂಬಂಧ ಹೊಂದಿಸಿದವಳು ನಾನೇ. ಆ ಮಗಳು ಈಗ ಏಳು ತಿಂಗಳ ಬಸುರಿ. ಸೀಮಂತದ ದಿನ ಮಗಳ ಉಡಿಯನ್ನು ತನ್ನ ಕೈಯಾರೆ ತುಂಬಬೇಕು ಅಂತ ತಾಯಿಗೆ ಆಸೆ. ಬಾಯಿ ಬಿಟ್ಟು ಹೇಳೋಳಲ್ಲ. ನಾನೇ ಬಟಾಣಿ ಸುಲಿದ ಹಾಗೆ ಸುಲಿದು ತೆಗೆದೆ.

೧. ಉಂಡೆ ಬೇಕು, ಉಂಡೆ ಕಟ್ಟಿದವಳು ಬೇಡ

ಸಂಕ್ರಾಂತಿ ಆದಮೇಲೆ ನಾಲ್ಕನೇ ಮಾಳಿಗೆಯಾಕೆ ಹಳದಿ-ಕುಂಕುಮಕ್ಕೆ ಕರೆದಳು. ಹೋದೆ. ಹಣೆಗೆ ಕುಂಕುಮ, ತಲೆಗೆ ಮಲ್ಲಿಗೆ, ಕೈಗೊಂದು ಸ್ಟೀಲ್ ಬಟ್ಟಲು, ಬಟ್ಟಲ ತುಂಬ ಎಳ್ಳುಂಡೆ. ಒಂದು ಬಾಯಿಗೆ ಹಾಕಿದೆನೋ ಇಲ್ಲವೋ, ಗೊತ್ತಾಯಿತು.

"ಇದು ನಮ್ಮ ಬಾಜೂ ಮನಿಯಾಕಿ ಕೈ ಅಲ್ಲೇನವಾ?"

"ಹೌದು ಆಂಟಿ, ಅವರಿಗೇ ಆರ್ಡರ್ ಕೊಟ್ಟಿದ್ದೆ. ಎಷ್ಟು ಛಲೋ ಮಾಡ್ತಾರೆ ಅಲ್ಲ?"

"ಮತ್ತ ಆಕಿ ಎಲ್ಲಿ? ಕಾಣವಲ್ಲಳು?"

ಅವಳು ದನಿ ಇಳಿಸಿದಳು. "ಇಂಥದಕ್ಕೆಲ್ಲ ಕರೆದರೆ ಪಾಪ, ಅವರ ಮನಸ್ಸಿಗೆ ನೋವಾಗ್ತದಲ್ಲ."

ಏನು ಅಂತಃಕರಣ ನೋಡಿರಿ! ಒಲೆ ಮುಂದೆ ಬೆಲ್ಲದ ಪಾಕ ಹಿಡಿದು ಬೆರಳು ಸುಟ್ಟುಕೊಂಡರೆ ನೋವಿಲ್ಲ, ಸೋಫಾದ ಮೇಲೆ ಕೂತರೆ ನೋವು! ಸುತ್ತ ಕೂತ ಹೆಂಗಸರು ಮಲ್ಲಿಗೆ ಮೂಸುತ್ತ ತಲೆ ಆಡಿಸಿದರು. ಅವರಲ್ಲಿ ಒಬ್ಬಾಕೆ ಹಿಂದಿನ ವಾರವಷ್ಟೇ ಗಂಡನನ್ನು ಚಪ್ಪಲಿ ಸಮೇತ ಬಾಗಿಲ ಹೊರಗೆ ನಿಲ್ಲಿಸಿದ್ದಳು. ಇಡೀ ವಿಂಗಿನವರು ಬಾಗಿಲು ತೆರೆದು ನೋಡಿದ್ದರು. ಆಕೆಗೂ ಬಟ್ಟಲು ಬಂತು!

ಮನೆಗೆ ಬಂದೆ. ನಮ್ಮವರು ಮಂಚದ ಮೇಲೆ ಅಂಗಾತ ಬಿದ್ದಿದ್ದರು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಅಷ್ಟೇ ಅವರ ಉದ್ಯೋಗ. ಬಟ್ಟಲನ್ನು ಆ ಹೊಟ್ಟೆಯ ಮೇಲೆ ಇಟ್ಟೆ. ಗಾಬರಿಯಿಂದ ಎದ್ದು, "ಏನಿದು?" ಅಂದರು.

"ನಿಮ್ಮ ಪಗಾರ. ಉಸುರು ತಗೊಂಡದ್ದಕ್ಕ ಕೊಟ್ಟಾರ. ಹಿಂಗ ನಡಸ್ರಿ."

೨. ಎರವಲು ಗಂಡ

ಪಕ್ಕದಾಕೆಯ ಅಡಿಗೆಮನೆ ಗೋಡೆ ಮಳೆಗಾಲದಿಂದಲೂ ಸೋರುತ್ತಿತ್ತು. ಮೇಲಿನವರ ಪೈಪು ಒಡೆದದ್ದು. ಆಕೆ ಸೊಸೈಟಿಯ ಸೆಕ್ರೆಟರಿಗೆ ಅರ್ಜಿ ಬರೆದು ಕೊಟ್ಟಳು, ಮತ್ತೆ ಕೊಟ್ಟಳು, ಆಫೀಸಿನ ಬಾಗಿಲಲ್ಲಿ ನಿಂತಳು. ಆ ಮನುಷ್ಯ ಪೇಪರಿನಿಂದ ಕಣ್ಣು ತೆಗೆಯದೆ ಕೇಳೋದು ಒಂದೇ ಮಾತು: "ಘರ್ ಮೇ ಕೋಯೀ ಜೆಂಟ್ಸ್ ನಹೀ ಹೈ ಕ್ಯಾ?"

ಮನೆಯಲ್ಲಿ ಗಂಡಸರಿಲ್ಲವಾ ಅಂತ! ಪೈಪು ಸೋರೋದು ಗಂಡಸರ ಮೋರೆ ನೋಡಿಕೊಂಡಾ? ಇಪ್ಪತ್ತು ವರ್ಷದಿಂದ ಇದೇ ಬಿಲ್ಡಿಂಗಿನಲ್ಲಿ ಇದ್ದಾಳೆ. ಇವನ ಮಗ ಟೈಫಾಯ್ಡ್ ಆಗಿ ಮಲಗಿದಾಗ ಗಂಜಿ ಹೋದದ್ದು ಈಕೆ ಮನೆಯಿಂದ. ಆಗ ಯಾರೂ ಜೆಂಟ್ಸ್ ಕೇಳಲಿಲ್ಲ.

ಒಂದು ದಿನ ಆಕೆ ನಮ್ಮ ಬಾಗಿಲಿಗೆ ಬಂದಳು. ಇಡ್ಲಿ ಪಾತ್ರೆ ಕೇಳೋಕೆ ಬಂದಾಗಿನ ಸಂಕೋಚವೇ ಮುಖದ ಮೇಲೆ.

"ಅಕ್ಕ, ನಿಮ್ಮವರನ್ನು ಅರ್ಧ ಗಂಟೆ ಕಳಿಸ್ತೀರಾ? ಎಂತದೂ ಮಾಡುದು ಬೇಡ. ಸೆಕ್ರೆಟರಿ ಎದುರು ನಿಂತರೆ ಸಾಕು."

"ಅರ್ಧ ತಾಸು ಯಾಕ, ದಸರಾ ತನಕಾ ಇಟ್ಗೋ," ಅಂದೆ.

ನಮ್ಮವರಿಗೆ 'ಲೀಕೇಜ್' ಅನ್ನೋ ಒಂದೇ ಶಬ್ದ ಬಾಯಿಪಾಠ ಮಾಡಿಸಿ ಕಳಿಸಿದೆವು. ಬನಿಯನ್ ಮೇಲೆ ಶರ್ಟು ಹಾಕಿಕೊಳ್ಳೋದರೊಳಗೆ ಅದೂ ಮರೆತುಹೋಯಿತು. ಹೋಗಿ ಸೆಕ್ರೆಟರಿಯ ಮುಂದೆ ನಿಂತರು, ಎರಡು ಸಲ ಕೆಮ್ಮಿದರು. ಸೆಕ್ರೆಟರಿ ಎದ್ದು ನಿಂತ! "ಅಂಕಲ್, ಆಪ್ ಕ್ಯೂಂ ಆಯೇ" ಅಂದ, ನೀವ್ಯಾಕೆ ಬರೋಕೆ ಹೋದಿರಿ ಅಂತ. ಪಕ್ಕದಾಕೆ ಹಿಂದಿನಿಂದ, "ಅದೇ ಲೀಕೇಜು" ಅಂದಳು. ಮಧ್ಯಾಹ್ನದೊಳಗೆ ಪ್ಲಂಬರ್ ಬಂದು ಪೈಪು ಬದಲಿಸಿ ಹೋದ.

ನಮ್ಮವರು ಆವತ್ತಿನಿಂದ ಎದೆ ಮುಂದೆ ಮಾಡಿ ಓಡಾಡುತ್ತಿದ್ದಾರೆ. ಬರೇ ಕೆಮ್ಮಿಗೆ ಹೊಸ ಪೈಪು ಬಂತು. ಪುಣ್ಯಕ್ಕೆ ಬಾಯಿ ತೆಗೆಯಲಿಲ್ಲ, ತೆಗೆದಿದ್ದರೆ ಬಿಲ್ಡಿಂಗನ್ನೇ ಕೆಡವಿ ಕಟ್ಟಿಸಿಕೊಡುತ್ತಿದ್ದರು.

೩. ನನ್ನ ಮರೆವಿನ ರೋಗ

ಆ ಸಂಜೆ ಅವಳ ಮನೆಯಲ್ಲಿ ಚಹಾ ಕುಡಿಯುತ್ತ ನಾನು ಜಗತ್ತನ್ನೆಲ್ಲ ಬೈದೆ. "ಎಂಥಾ ಮಂದಿ ತಂಗಿ ಇವರು! ಹೆಣ್ಮಗಳು ಒಬ್ಬಾಕಿ ಅಂತ ಗೊತ್ತಾದರ ಮನಷ್ಯಾಳು ಅಂತನೂ ತಿಳಿಯೂದಿಲ್ಲ. ನಾನಾಗಿದ್ದರ ಒಬ್ಬೊಬ್ಬರದೂ ನೀರು ಇಳಿಸ್ತಿದ್ದೆ."

ಆಕೆ ಚಹಾ ಸೋಸುತ್ತಿದ್ದಳು. ತಿರುಗದೆ ಕೇಳಿದಳು, "ಅಕ್ಕ, ನಿಮಗೆ ಈಗ ಚಾವಿ ಮರೆಯುದು ಕಡಿಮೆ ಆಯ್ತಾ?"

"ಯಾವ ಚಾವಿ?"

"ಅದೇ, ಮಗನ ಇಂಟರ್‌ವ್ಯೂಗೆ ಅಂತ ನೀವಿಬ್ಬರೂ ಹೊರಟಿರಿ. ನಾನು ಬಾಗಿಲು ತೆಗೆದೆ. ನೀವು 'ಅಯ್ಯೋ ಚಾವಿ' ಅಂತ ಒಳಗೆ ಹೋದಿರಿ. ಬಂಗಾರ ತರುಕ್ಕೆ ಹೊರಟಾಗಲೂ ಚಾವಿ. ಸೊಸೆಯನ್ನು ನೋಡುಕ್ಕೆ ಹೊರಟಾಗಲೂ ಚಾವಿ. ಚಾವಿ ನಿಮ್ಮ ಸೊಂಟದಲ್ಲೇ ಇರ್ತಿತ್ತು ಮಾರಾಯ್ರೆ, ನೇತಾಡುದು ಕಾಣ್ತಿತ್ತು."

ಚಹಾ ನೆತ್ತಿಗೇರಿತು.

ನಾನು ಶುಭಕಾರ್ಯಕ್ಕೆ ಹೊರಟಾಗ ಈಕೆ ಎದುರು ಬಂದರೆ ಒಳಗೆ ಹೋಗಿ, ಒಂದು ಗುಟುಕು ನೀರು ಕುಡಿದು, ಮತ್ತೆ ಹೊರಡುತ್ತಿದ್ದೆ. ನಮ್ಮವ್ವ ಮಾಡುತ್ತಿದ್ದಳು, ನಾನೂ ಮಾಡಿದೆ. ಯಾರಿಗೂ ಗೊತ್ತಾಗೋದಿಲ್ಲ ಅಂತ ತಿಳಿದಿದ್ದೆ. ಯಾರಿಗೆ ಗೊತ್ತಾಗಬಾರದಿತ್ತೋ ಆಕೆಗೇ ಗೊತ್ತಿತ್ತು.

"ಮೊದಲು ನಾನು ನಿಮಗೆ ನಿಜವಾಗಿ ಮರೆವಿನ ರೋಗ ಅಂತಲೇ ತಿಳಿದದ್ದು," ಅಂದಳು. "ಅದಕ್ಕೇ ಅಲ್ವಾ ವಾರ ವಾರ ಒಂದೆಲಗದ ತಂಬುಳಿ ಮಾಡಿ ಕೊಡ್ತಿದ್ದದ್ದು. ಜ್ಞಾಪಕಶಕ್ತಿಗೆ ಒಳ್ಳೆದು ಅಂತ."

"ಮತ್ತ ಆಮ್ಯಾಲೆ? ಖರೇ ಗೊತ್ತಾದ ಮ್ಯಾಲೂ ಕೊಡ್ತಿದ್ದೆಲ್ಲ?"

"ನಿಮಗೆ ರುಚಿ ಹಿಡಿದಿತ್ತಲ್ಲ ಅಕ್ಕ."

ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು. ಬಟ್ಟಲು, ಮಲ್ಲಿಗೆ, ಸೆಕ್ರೆಟರಿಯ ಸಲಾಮು, ಎಲ್ಲ ಇಸಿದುಕೊಂಡು, ಮೇಲಿಂದ ಇವಳ ತಂಬುಳಿಯನ್ನೂ ಬಿಟ್ಟವಳಲ್ಲ ನಾನು. ನಾಚಿಕೆಯಿಂದ ಎದ್ದು ಹೊರಟೆ. ಎಷ್ಟು ಅವಸರ ಅಂದರೆ, ಚಾವಿಯನ್ನು ನಿಜವಾಗಿಯೂ ಅಲ್ಲೇ ಮರೆತು ಬಂದೆ.

೪. ಮುತ್ತೈದೆಯ ಪರೀಕ್ಷೆ

ಸೀಮಂತ ಕೋಪರಿಯ ಬೀಗರ ಮನೆಯಲ್ಲಿ. ಅಲ್ಲಿ ಅಳಿಯನ ದೊಡ್ಡವ್ವನದೇ ಸುಪ್ರೀಂ ಕೋರ್ಟು. ಮೂಗಿನ ತುಂಬ ನತ್ತು, ಹಣೆಯ ಮೇಲೆ ಎಂಟಾಣೆ ಅಗಲದ ಕುಂಕುಮ. ನಾವು ಒಳಗೆ ಕಾಲಿಟ್ಟ ಕೂಡಲೇ ತೀರ್ಪು ಬಂತು: "ಉಡಿ ತುಂಬಲಿಕ್ಕೆ ಐದು ಮಂದಿ ಮುತ್ತೈದೇರು ಅದಾರ. ಮೊದಲ ನಾನು. ಹುಡುಗಿ ತಾಯಿ ಅಡಗಿ ಕಡೆ ನೋಡ್ಲಿ."

ಪಕ್ಕದಾಕೆ ನಕ್ಕಳು. "ಹೌದೌದು, ಪಾಯಸ ತಳ ಹಿಡೀತದೆ," ಅಂತ ಒಳಗೆ ಹೋದಳು.

ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಮಗಳು ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದುಬಿಟ್ಟಳು. ಹುಟ್ಟಿ ಬೆಳೆದದ್ದೆಲ್ಲ ಮರಾಠಿ ಮಂದಿಯ ನಡುವೆ. ಸಿಟ್ಟು ಬಂದರೆ ಕನ್ನಡ ಬರೋದಿಲ್ಲ. "ಆಯೀಚ್ಯಾ ಹಾತಾನೇ! ನಾಹೀ ತರ್ ನಕೋ!" ಅಂದಳು. ಅವ್ವನ ಕೈಯಿಂದಲೇ, ಇಲ್ಲವಾದರೆ ಬೇಡವೇ ಬೇಡ.

"ಏ ಹುಡುಗೀ, ಪದ್ಧತಿ ಅಂತ ಒಂದು ಐತಿ," ದೊಡ್ಡವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನಕೊಂಬು ಇಟ್ಟ ತಟ್ಟೆ ಎತ್ತಿಕೊಂಡಳು. "ಗಂಡ ಇದ್ದಾಕಿನ ತುಂಬಬೇಕು. ಸೆರಗು ಬಿಡು."

ಇನ್ನು ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. ಈ ದೊಡ್ಡವ್ವನ ಗಂಡ ಹನ್ನೊಂದು ವರ್ಷದಿಂದ ಬದಲಾಪುರದಲ್ಲಿದ್ದಾನೆ, ಅಲ್ಲಿ ಇನ್ನೊಬ್ಬಾಕೆ ಜೊತೆ ಸಂಸಾರ ಹೂಡಿದ್ದಾನೆ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡೋದಿಲ್ಲ. ಸಂಬಂಧ ಹೊಂದಿಸುವಾಗ ನಾನೂ ಆಡಿರಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಎಷ್ಟು ತ್ರಾಸಾಗಿತ್ತು, ದೇವರಿಗೇ ಗೊತ್ತು.

"ಅಕ್ಕಾರ, ಪದ್ಧತಿ ಖರೇ," ಅಂದೆ. "ನಿಮ್ಮ ಯಜಮಾನರು ಎಲ್ಲಿ?"

ದೊಡ್ಡವ್ವ ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಬದಲಾಪುರದಾಗ. ಕೆಲಸದ ಮ್ಯಾಲೆ."

"ನೀವು ಕಣ್ಣಿಲೆ ನೋಡಿ ಎಷ್ಟು ದಿನ ಆತು? ಹನ್ನೊಂದು ವರ್ಷ! ಈಗ ಅದಾರೋ ಇಲ್ಲೋ ಯಾರಿಗೆ ಗೊತ್ತು? ನಿಮ್ಮದ ಪದ್ಧತಿ ಪ್ರಕಾರ, ಖಾತ್ರಿ ಇಲ್ಲದ ನೀವು ಉಡಿ ತುಂಬಿದರ ಕೂಸಿಗೆ ಆಗಿಬರತೈತೇನು?"

ದೊಡ್ಡವ್ವನ ನತ್ತು ನಡುಗಿತು. "ಅದಾರ! ಗಟ್ಟಿಮುಟ್ಟಾಗಿ ಅದಾರ!"

"ಹಂಗಾದರ ಫೋನ್ ಹಚ್ಚಿ ಕೇಳೋಣಲ್ಲ."

ದೊಡ್ಡಪ್ಪನ ನಂಬರು ಅಳಿಯನ ಬಳಿ ಇತ್ತು. ಅವನು ಹೆಂಡತಿಯ ಮುಷ್ಟಿ ನೋಡಿದ, ದೊಡ್ಡವ್ವನ ಮುಖ ನೋಡಿದ. ಹೆಂಡತಿಯ ಕಡೆ ನಿಂತ, ಜಾಣ. ಸ್ಪೀಕರ್ ಹಾಕಿ ಫೋನ್ ಹಚ್ಚಿದ. ಎತ್ತಿದ್ದು ಹೆಂಗಸಿನ ದನಿ. ಬದಲಾಪುರದಾಕೆ!

ನಾನೇ ಬಾಗಿ ಕೇಳಿದೆ. "ತಂಗಿ, ಇಲ್ಲಿ ಸೀಮಂತ ನಡದೈತಿ. ಯಜಮಾನರು ಅದಾರೋ ಹ್ಯಾಂಗ, ಅಷ್ಟ ಹೇಳವಾ."

"ಅದಾರ," ಅಂದಳು ಆಕೆ, ಬೇಸತ್ತ ದನಿಯಲ್ಲಿ. "ಉಂಡು ಗೊರಕಿ ಹೊಡೀಲಿಕ್ಕೆ ಹತ್ಯಾರ. ಯಾಕ, ಬೇಕಾಗಿತ್ತೇನು? ನನಗೂ ಸಾಕಾಗೈತಿ. ಇವತ್ತ ಸಂಜಿ ಲೋಕಲ್‌ಗೆ ಹತ್ತಿಸಿಬಿಡ್ತೇನಿ, ಇಳಿಸಿಗೋರಿ."

"ಬ್ಯಾಡಾ!" ಅಂತ ದೊಡ್ಡವ್ವ ಚೀರಿದ ಹೊಡೆತಕ್ಕೆ ಮಣೆಯ ಮುಂದಿನ ದೀಪ ಅಲುಗಿತು. ಫೋನಿಗೆ ಎರಡೂ ಕೈ ಬೇಕಾಯಿತಲ್ಲ. ತಟ್ಟೆಯನ್ನು ಪಕ್ಕದಲ್ಲಿದ್ದವರ ಕೈಗೆ ತುರುಕಿ ಫೋನಿನ ಮೇಲೆ ಹಾರಿದಳು. ಪಕ್ಕದಲ್ಲಿದ್ದವಳು, ಚೀರಾಟ ಕೇಳಿ ಅಡಿಗೆಮನೆಯಿಂದ ಓಡಿಬಂದ ತಾಯಿ.

ಮಗಳು ಮುಷ್ಟಿ ಬಿಟ್ಟು ಸೆರಗು ಒಡ್ಡಿದಳು. "ಹಾಕು ಅಮ್ಮ," ಅಂದಳು, ಕನ್ನಡದಲ್ಲೇ. ತಾಯಿ ಬೊಗಸೆ ತುಂಬಿ ಸುರಿದಳು, ಅಕ್ಕಿ ಅರ್ಧ ಉಡಿಗೆ, ಅರ್ಧ ನೆಲಕ್ಕೆ ಬಿತ್ತು. ಉಳಿದ ನಾಲ್ಕು ಮಂದಿ ಮುತ್ತೈದೆಯರ ಕಡೆ ನಾನು ತಿರುಗಿ ನೋಡಿದೆ. ನಾಲ್ವರೂ ಸೆರಗು ಸರಿಮಾಡಿಕೊಳ್ಳೋದರಲ್ಲಿ ಮುಳುಗಿದ್ದರು. ಎಲ್ಲರಿಗೂ ಅವರವರ ಗಂಡಂದಿರ ಸುದ್ದಿ ಗೊತ್ತಿತ್ತಲ್ಲ.

ಇಷ್ಟೆಲ್ಲ ಆದದ್ದು ದೊಡ್ಡವ್ವನಿಗೆ ಗೊತ್ತೇ ಇಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಬದಲಾಪುರದಾಕೆಗೆ ಅಂಗಲಾಚುತ್ತಿದ್ದಳು:

"ಅಲ್ಲೇ ಇಟ್ಗೋ ನನ್ನವ್ವಾ, ನಿನ್ನ ಕಾಲಿಗೆ ಬೀಳ್ತೇನಿ! ಬಿ.ಪಿ. ಗುಳಿಗಿ ಮಾತ್ರ ತಪ್ಪಸಬ್ಯಾಡ, ನನ್ನ ಕುಂಕುಮದ ಪ್ರಶ್ನೆ ಐತಿ!"