ಶರ್ಟುಗಳ್ಳನಿಗಾಗಿ ಒಂದು ರಜೆ

ಪೊಲೀಸರಿಂದ ಆಗದ ಕೆಲಸವನ್ನು ತಾನೇ ಮಾಡಿ ಮುಗಿಸುವುದೆಂದು ಪಾರ್ಸೆಲ್ ಆಫೀಸಿನ ಗುಮಾಸ್ತ ತೀರ್ಮಾನಿಸಿದ. ಪೊಲೀಸರಿಗೆ ಅವನು ದೂರನ್ನೇ ಕೊಟ್ಟಿರಲಿಲ್ಲ, ಅದು ಬೇರೆ ಮಾತು! ಎಪ್ಪತ್ತರ ದಶಕದ ಕ್ರೈಂ ಸಿನಿಮಾಗಳು ಅವನಿಗೆ ಕಲಿಸಿದ್ದೇ ಅದು: ಕಾನೂನು ಆಕಳಿಸುತ್ತ ಕೂತಾಗ ನಾಯಕ ಕೋಟಿನ ಕಾಲರ್ ಎತ್ತಿಕೊಂಡು ಬೀದಿಗಿಳಿಯುತ್ತಾನೆ.

ಅಪರಾಧ ಇಷ್ಟೇ. ಬೆಳಿಗ್ಗೆ ಹೊರಡುವಾಗ ಅವನು ಮಾಸಿದ ಬಟ್ಟೆಯ ಚೀಲವನ್ನು ಬಾಗಿಲ ಹೊರಗೆ ತೂಗುಹಾಕುತ್ತಾನೆ. ಲಾಂಡ್ರಿಯವ ಬಂದು ಒಯ್ಯುತ್ತಾನೆ. ಪ್ರತಿ ಸಲವೂ ಒಂದು ಶರ್ಟು ನಾಪತ್ತೆ! ಮುಂದಿನ ಸಲ ಅದು ಬರುತ್ತದೆ, ಇನ್ನೊಂದು ಮಾಯ. ಲಾಂಡ್ರಿಯವ ತನ್ನ ಶರ್ಟು ತೊಟ್ಟು ಊರೆಲ್ಲ ಮೆರೆಯುತ್ತಿದ್ದಾನೆಂದು ಅವನಿಗೆ ಖಾತ್ರಿಯಾಗಿತ್ತು.

ಹೆಂಡತಿಗೆ ಹೇಳೋಣವೆಂದರೆ ಅವಳು ಸಿಕ್ಕಬೇಕಲ್ಲ! ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ಅವನು ಹೋದ ಮೇಲೆ ಅವಳು ಬರುತ್ತಾಳೆ. ಅವನು ಬರುವಷ್ಟರಲ್ಲಿ ಅವಳು ಹೊರಟಿರುತ್ತಾಳೆ. ಮದುವೆಯ ಹೊಸದರಲ್ಲಿ ಒಂದೇ ಹೊದಿಕೆಯಲ್ಲಿ ಮುದುರಿ ಕೂತು ಆ ಹಳೇ ಸಿನಿಮಾಗಳನ್ನು ನೋಡಿದವರು, ಈಗ ಮೆಟ್ಟಿಲ ಮೇಲೆ ಎದುರಾದರೆ ಪುಣ್ಯ. ಒಂದು ದಿನ ರಜೆ ಹಾಕಿ ಎಂದು ಅವಳು ಎಷ್ಟೋ ಸಲ ಕೇಳಿದ್ದಳು. ತಾನಿಲ್ಲದಿದ್ದರೆ ಆಫೀಸೇ ಮುಳುಗಿಹೋಗುತ್ತದೆಂದು ಅವನು ಅಷ್ಟೂ ಸಲ ಗಂಭೀರವಾಗಿ ವಿವರಿಸಿದ್ದ.

ಆದರೆ ನ್ಯಾಯದ ಮುಂದೆ ಆಫೀಸು ಯಾವ ಲೆಕ್ಕ? ರಜೆ ಹಾಕಿಯೇಬಿಟ್ಟ. ಮೈಮೇಲೆ ಮದುವೆಯ ಕೋಟು, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಬೆಡ್‌ಶೀಟು! ಬಾಗಿಲ ಹಿಂದೆ ಬೆವರುತ್ತ ನಿಂತ. ಹೊರಗೆ ಹೆಜ್ಜೆ ಸಪ್ಪಳ. ಚೀಲ ಸರಸರ ಎಂದಿತು. ಬಾಗಿಲು ತೆರೆದವನೇ ಬೆಡ್‌ಶೀಟು ಬೀಸಿದ. ಅದರ ತುದಿಯನ್ನು ತಾನೇ ತುಳಿದು, ಕಳ್ಳನ ಸಮೇತ ಹೊಸಿಲ ಮೇಲೆ ಮಗುಚಿಬಿದ್ದ. ಬೆಡ್‌ಶೀಟಿನೊಳಗಿಂದ ಒಂದು ಕೈ ಬಂದು ಅವನ ಮಣಿಕಟ್ಟು ತಿರುಚಿತು. ರಂಪ ಮಾಡುವ ರೋಗಿಗಳನ್ನು ಮಣಿಸಿ ಪಳಗಿದ ಕೈ!

"ರೀ, ನೀವಾ?"

ಎದೆಗವಚಿಕೊಂಡಿದ್ದ ಅವನ ನೀಲಿ ಶರ್ಟನ್ನು ಅವಳು ಆಗಲೂ ಬಿಟ್ಟಿರಲಿಲ್ಲ.

"ಅದು ಮಾಸಿದ ಶರ್ಟು ಕಣೇ."

"ಒಗೆದಿದ್ರಲ್ಲಿ ನೀವಿರಲ್ಲ, ಬರೀ ಸೋಪಿರುತ್ತೆ. ಇದನ್ನ ಪಕ್ಕದಲ್ಲಿಟ್ಕೊಂಡ್ರೆ ಹಗಲು ನಿದ್ದೆ ಬರುತ್ತೆ."

ಕಪ್ಪು ಕನ್ನಡಕದೊಳಗೆ ನಾಯಕನ ಕಣ್ಣು ಮಂಜಾಯಿತು, ಬೆವರಿರಬೇಕು. ಅವಳು ಕೋಟನ್ನು ಮೇಲಿಂದ ಕೆಳಗೆ ನೋಡಿದಳು.

"ಆಫೀಸಿಗೆ ಹೋಗಿಲ್ವಾ?"

"ರಜೆ ಹಾಕಿದೆ. ಕಳ್ಳನ್ನ ಹಿಡಿಯೋಕೆ."

"ಮೊದಲೇ ಗೊತ್ತಿದ್ರೆ ನಿಮ್ಮ ಟಿವೀನೇ ಕದೀತಿದ್ದೆ."

ಅದೇ ಟಿವಿಯಲ್ಲಿ ಹಳೇ ಸಿನಿಮಾ ಹಾಕಿದರು. ಮೊದಲ ಗುಂಡು ಹಾರುವ ಮುನ್ನವೇ ಅವಳು ಅವನ ತೋಳಿಗೊರಗಿ ನಿದ್ದೆಹೋದಳು. ನೀಲಿ ಶರ್ಟು ದಿಕ್ಕಿಲ್ಲದೆ ನೆಲದ ಮೇಲೆ ಬಿದ್ದಿತ್ತು. ಜೋಮು ಹಿಡಿದ ತೋಳನ್ನು ಅಲ್ಲಾಡಿಸದೆ ನಾಯಕ ಫೋನಿನ ಮೇಲೊಂದು ಕಣ್ಣಿಟ್ಟಿದ್ದ. ಮುಳುಗುತ್ತಿರುವ ಆಫೀಸು ಯಾವ ಗಳಿಗೆಯಲ್ಲಿ ಕೂಗಿ ಕರೆಯುವುದೋ!

ಸಂಜೆಯಾದರೂ ಯಾರೂ ಕರೆಯಲಿಲ್ಲ.