ಗಣಿತದ ಟೀಚರು ಮಣಿಪಾಲಕ್ಕೆ ಹೋದದ್ದು

ಬಾಗಿಲು ಸ್ವಲ್ಪ ಮುಂದೆ ಮಾಡಿ, ಹತ್ತಿರ ಕುಳಿತುಕೊಳ್ಳಿ. ಇದು ನಿಮ್ಮಲ್ಲೇ ಇರಲಿ. ನಾನು ಯಾರಿಗೂ ಹೇಳಿದವಳಲ್ಲ. ಹೆಜಮಾಡಿಯ ನನ್ನ ತಂಗಿಗೆ ಹೇಳಿದ್ದೇನೆ, ಅವಳೇನು ಹೊರಗಿನವಳಾ? ಅಂಬಲಪಾಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ವಾರಕ್ಕೊಂದು ಇಂಥದ್ದು ನಡೆಯುತ್ತಲೇ ಇರುತ್ತದೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಕಣ್ಣಾದರೆ ಮುಚ್ಚಬಹುದು, ಕಿವಿಗೆ ಮುಚ್ಚಳ ಉಂಟಾ?

ಆ ಮನೆಯವರು ಕಾಪುವಿನ ಒಂದು ಹೈಸ್ಕೂಲಿನಲ್ಲಿ ಹದಿನೇಳು ವರ್ಷ ಗಣಿತ ಕಲಿಸಿದ ಟೀಚರು. ರಜೆಯಲ್ಲೆಲ್ಲ ಕುಳಿತು ಅದೇನೋ ಪ್ರೋಗ್ರಾಮಿಂಗ್ ಕಲಿತು, ನಲವತ್ತೆರಡನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಮಣಿಪಾಲದ ಒಂದು ಕಂಪ್ಯೂಟರ್ ಕಂಪೆನಿಗೆ ಸೇರಿದರು. ಅಲ್ಲಿ ಆರು ತಿಂಗಳು ನೋಡುತ್ತಾರಂತೆ. ಸರಿ ಕಂಡರೆ ಖಾಯಂ, ಇಲ್ಲದಿದ್ದರೆ ಮನೆ. ಶಾಲೆಯಲ್ಲಿ ಇವರ ಕುರ್ಚಿಗೆ ಬೇರೆಯವರು ಬಂದಾಗಿದೆ. ಹಿಂದೆ ಹೋಗುವ ಹಾಗೂ ಇಲ್ಲ.

ಕಿರುಬೆರಳು

ಮೊದಲ ದಿನ ಹೋಗಿ ನೋಡಿದರೆ ಇವರ ಮೇಲಿನ ಅಧಿಕಾರಿ ಇವರದೇ ಹಳೆಯ ಶಿಷ್ಯ. ಲೆಕ್ಕ ತಪ್ಪಿ ಬೆಂಚಿನ ಮೇಲೆ ನಿಂತವನು. ಟೀಚರು ಒಳಗೆ ಕಾಲಿಟ್ಟದ್ದೇ ಎದ್ದು ನಿಂತನಂತೆ. ಇವರೂ ಅಭ್ಯಾಸಬಲದಿಂದ "ಕೂತ್ಕೋ" ಎಂದರು. ಆಮೇಲೆ ಎಚ್ಚರವಾಗಿ, "ಇನ್ನು ನೀವು ಹೇಳಿದ ಹಾಗೆ ಕೇಳುವವಳು ನಾನು ಸರ್" ಎಂದರು.

ಅವನು ತಲೆಯಾಡಿಸಿದ. ಕುಳಿತಲ್ಲೇ ಸ್ವಲ್ಪ ಹೊತ್ತು ಒದ್ದಾಡಿದ. ಮತ್ತೆ ಇಡೀ ಆಫೀಸಿನ ಎದುರು ಕಿರುಬೆರಳು ಎತ್ತಿ ಕೇಳಿದ: "ಟೀಚರ್, ಹೊರಗೆ ಹೋಗಿ ಬರಲಾ?"

ಕೆಂಪು ಪೆನ್ನು

ಅಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಪ್ಪು ಹೇಳಬೇಕಂತೆ. ಎಲ್ಲರೂ ಕಂಪ್ಯೂಟರಿನಲ್ಲೇ ಓದುತ್ತಾರೆ. ನಮ್ಮ ಟೀಚರು ಮೂವತ್ತು ಹಾಳೆ ಪ್ರಿಂಟ್ ತೆಗೆದು ಮನೆಗೆ ತಂದರು. ಜಗಲಿಯಲ್ಲಿ ಕುಳಿತು ಕೆಂಪು ಪೆನ್ನಿನಲ್ಲಿ ಗೀಚಿದ್ದೇ ಗೀಚಿದ್ದು. ನಾನು ಹಿಡಿಸೂಡಿ ಹಿಡಿದುಕೊಂಡು, ಗುಡಿಸಿದ ಅಂಗಳವನ್ನೇ ಮೂರು ಸಲ ಗುಡಿಸಿದೆ. ಕೊನೆಯ ಹಾಳೆಯಲ್ಲಿ ಬರೆದರು: "ಗಮನ ಸಾಲದು. ತಂದೆಯ ಸಹಿ ಮಾಡಿಸಿಕೊಂಡು ಬರುವುದು."

ಆ ಹಾಳೆಯಲ್ಲಿದ್ದದ್ದನ್ನು ಬರೆದ ಹುಡುಗನೋ, ಎದೆ ತನಕ ಗಡ್ಡ ಬಿಟ್ಟವನು, ಊರು ಕಾರ್ಕಳ. ತಮಾಷೆಗೆಂದು ಮನೆಗೆ ಒಯ್ದು ತೋರಿಸಿದ. ಸೋಮವಾರ ತಂದು ಕೊಟ್ಟ ಹಾಳೆಯಲ್ಲಿ ಅಪ್ಪನ ಸಹಿ ಉಂಟು, ಕೆಳಗೆ ಎರಡು ಸಾಲು: "ಮನೆಯಲ್ಲೂ ಇವನು ಹೀಗೆಯೇ. ನೀವು ಎರಡು ಕೊಟ್ಟರೆ ನಮ್ಮದೇನೂ ಅಡ್ಡಿಯಿಲ್ಲ."

ನಾನು ಅಂದದ್ದು ಒಂದೇ ಮಾತು

ಹದಿನೇಳು ವರ್ಷದ ಕೆಲಸ ಯಾರಾದರೂ ತಾವಾಗಿ ಬಿಡುತ್ತಾರಾ ಮಾರಾಯ್ರೆ? "ತೆಗೆದು ಹಾಕಿರಬೇಕು" ಎಂದು ತಂಗಿಗೆ ಹೇಳಿದೆ. 'ಇರಬೇಕು' ಎಂದೇ ಹೇಳಿದ್ದು, ದೇವರಾಣೆ. ಹೆಜಮಾಡಿ ದಾಟುವಾಗ ಆ 'ಇರಬೇಕು' ಬಸ್ಸಿನಿಂದ ಇಳಿದುಹೋಯಿತು. ಕಾರ್ಕಳಕ್ಕೆ ತಲುಪುವಾಗ ಟೀಚರು ಹೆಡ್ಮಾಸ್ತರರ ಮೇಲೆ ಡಸ್ಟರ್ ಬಿಸಾಡಿದ್ದರು.

ಆ ಗಡ್ಡದ ಹುಡುಗನ ಜೊತೆ ಮಣಿಪಾಲದ ಆಫೀಸಿಗೂ ಸುದ್ದಿ ಹೋಯಿತು. ಆರು ತಿಂಗಳು ಮುಗಿದರೂ ಖಾಯಂ ಮಾಡುವ ಕಾಗದ ಅಲ್ಲೇ ನಿಂತಿತು. "ನೀವಾಗಿಯೇ ಬಿಟ್ಟದ್ದೆಂದು ಶಾಲೆಯಿಂದ ಪತ್ರ ತನ್ನಿ, ನೋಡುವ" ಎಂದರಂತೆ. ಟೀಚರ ಮುಖ ಬಾಡಿದ್ದು ನನ್ನಿಂದ ನೋಡಲಾಗಲಿಲ್ಲ. ಅಂಗಳದ ಗೋಡೆಯ ಮೇಲಿಂದಲೇ ಹೇಳಿದೆ, "ಯಾರೋ ಕೆಟ್ಟ ಬಾಯಿಯವರು ಟೀಚರೇ, ಅವರ ನಾಲಗೆಗೆ ಹುಳ ಬೀಳಲಿ."

ಬಾಳೆಹಣ್ಣು

ಮರುದಿನ ಟೀಚರು ಕೆಸುವಿನೆಲೆಯ ಪತ್ರೊಡೆ ಮಾಡಿ ಹಿಡಿದುಕೊಂಡು ಬಂದರು. ನನ್ನ ಕಿವಿಯ ಹತ್ತಿರ ಬಂದು, "ದೊಡ್ಡಮ್ಮ, ಯಾರಿಗೂ ಹೇಳಬೇಡಿ. ಕೆಲಸ ಖಾಯಂ ಆದರೆ ಪೆರ್ಡೂರು ದೇವರಿಗೆ ನೂರು ಬಾಳೆಹಣ್ಣು ಒಪ್ಪಿಸುತ್ತೇನೆಂದು ಹರಕೆ ಹೇಳಿಕೊಂಡಿದ್ದೇನೆ" ಎಂದರು. ಒಳ್ಳೆಯ ಸುದ್ದಿ, ಪುಣ್ಯದ ಸುದ್ದಿ. ತಂಗಿಗೆ ಒಂದು ಫೋನು ಮಾಡಿದೆ, ಅಷ್ಟೆ.

ನಾಲ್ಕನೆಯ ದಿನ ಸಂಜೆ ಟೀಚರು ನನ್ನ ಹೊಸ್ತಿಲಲ್ಲಿ ನಿಂತಿದ್ದರು. ಈ ಸಲ ಕೈಯಲ್ಲಿ ಪತ್ರೊಡೆ ಇರಲಿಲ್ಲ.

"ದೊಡ್ಡಮ್ಮ, ತಪ್ಪು ಎಲ್ಲಿಂದ ಹೊರಡುತ್ತದೆ ಎಂದು ಹುಡುಕುವುದೇ ನಮ್ಮ ಆಫೀಸಿನ ಅರ್ಧ ಕೆಲಸ. ಒಂದೊಂದು ಬಾಯಿಗೆ ಒಂದೊಂದು ಸುದ್ದಿ ಹಾಕಿ, ಹೊರಗೆ ಯಾವುದು ಬರುತ್ತದೆಂದು ನೋಡಬೇಕು. ಟೈಲರಮ್ಮನಿಗೆ ಸ್ಕೂಟರ್ ತೆಗೆಯುತ್ತೇನೆ ಎಂದಿದ್ದೆ. ಹೂವಿನವಳಿಗೆ ದುಬೈಯಿಂದ ಅಣ್ಣ ಬರುತ್ತಾನೆ ಎಂದಿದ್ದೆ. ಅವೆರಡೂ ಅಲ್ಲಲ್ಲೇ ಉಳಿದವು. ಇವತ್ತು ಆಫೀಸಿನಲ್ಲಿ ಆ ಕಾರ್ಕಳದವನು ಕೇಳಿದ, ಟೀಚರ್, ಪೆರ್ಡೂರಿಗೆ ಸಾವಿರ ಬಾಳೆಹಣ್ಣು ಹೊರಲು ಜನ ಬೇಕಾ ಎಂದು."

ನಾನು ಸೆರಗು ಸರಿ ಮಾಡಿಕೊಂಡೆ. "ಈಗಿನ ಜನರ ಬಾಯಿ ಟೀಚರೇ..." ಎಂದೆ.

"ಶಾಲೆಯ ಪತ್ರ ತಲುಪಿತು, ಕೆಲಸ ಖಾಯಂ ಆಯಿತು" ಎಂದರು ಟೀಚರು. "ದೇವರ ಹೆಸರಿನಲ್ಲಿ ಆಡಿದ ಮಾತು, ತಪ್ಪಿಸುವ ಹಾಗಿಲ್ಲ. ನಾಳೆ ಬೆಳಿಗ್ಗೆ ಪೆರ್ಡೂರಿಗೆ ಬಸ್ಸು. ನನ್ನ ನೂರು ಹಣ್ಣು ನಾನು ಹೊರುತ್ತೇನೆ. ಉಳಿದ ಒಂಬೈನೂರು ನೀವು ಹೇಳಿಕೊಂಡದ್ದು."